ವೇಗ ಕುಸಿದರೆ ನಷ್ಟ ಯಾರಿಗೆ? ರಿಲೀಫ್ ಪಿಚರ್‌ಗಳ ದುಡಿಮೆ ಮತ್ತು ಸಂಬಳದ ಲೆಕ್ಕ

2019ರ ಸೆಪ್ಟೆಂಬರ್ 15, ಟೊರೊಂಟೊ. ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ ಡೆಲಿನ್ ಬೆಟಾನ್ಸೆಸ್ ಆ ಸೀಸನ್‌ನಲ್ಲಿ ಮೊದಲ ಸಲ ಕಣಕ್ಕಿಳಿದರು. ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗೆ ಕೂತಿದ್ದವರು. ಎದುರಿಸಿದ್ದು ಇಬ್ಬರು ಬ್ಯಾಟರ್‌ಗಳನ್ನು, ಇಬ್ಬರೂ ಸ್ಟ್ರೈಕ್‌ಔಟ್. ಖುಷಿಗೆ ಒಂದು ಸಣ್ಣ ಜಿಗಿತ ಜಿಗಿದರು. ಎಡಗಾಲಿನ ಅಕಿಲಿಸ್ ಸ್ನಾಯುರಜ್ಜು ಭಾಗಶಃ ಹರಿಯಿತು. ಅವರ ಪಾಲಿಗೆ ಸೀಸನ್ ಅಲ್ಲಿಗೇ ಮುಗಿಯಿತು.

ಆ ಜಿಗಿತವನ್ನು ದುರದೃಷ್ಟ ಅನ್ನಬಹುದು. ಆದರೆ ಆತಂಕ ಶುರುವಾಗಿದ್ದು ಅದಕ್ಕೂ ಆರು ತಿಂಗಳು ಮೊದಲು, ಮಾರ್ಚ್ ತಿಂಗಳ ಅಭ್ಯಾಸ ಪಂದ್ಯಗಳಲ್ಲಿ. ಅವರ ಚೆಂಡಿನ ವೇಗ ಕಣ್ಣಿಗೆ ಹೊಡೆಯುವಷ್ಟು ಇಳಿದಿತ್ತು. ಒಬ್ಬ ರಿಲೀಫ್ ಪಿಚರ್‌ನ ವೇಗ ಕುಸಿದಾಗ ಅಭಿಮಾನಿಗಳು ಕೇಳುವ ಪ್ರಶ್ನೆ, 'ಇವನ ಕತೆ ಮುಗೀತಾ?' ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ತೋಳನ್ನು ಯಾರು, ಯಾವಾಗ, ಎಷ್ಟು ಬೆಲೆಗೆ ಬಳಸಿಕೊಂಡರು?

ರಿಲೀಫ್ ಪಿಚರ್ ಅಂದರೆ ಯಾರು?

ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪಂದ್ಯ ಶುರು ಮಾಡುವ ಪಿಚರ್ 'ಸ್ಟಾರ್ಟರ್'. ಅವನಿಗೆ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಸರದಿ, ಮುಂದಿನ ಸರದಿ ಯಾವತ್ತು ಅಂತ ಮೊದಲೇ ಗೊತ್ತಿರುತ್ತದೆ. ಅವನು ದಣಿದ ಮೇಲೆ ಬರುವವರೇ ರಿಲೀಫ್ ಪಿಚರ್‌ಗಳು. ಇವರು ಮೈದಾನದ ಅಂಚಿನಲ್ಲಿರುವ 'ಬುಲ್‌ಪೆನ್' ಎಂಬ ಜಾಗದಲ್ಲಿ ಕಾಯುತ್ತಾ ಕೂತಿರುತ್ತಾರೆ. ಅಲ್ಲಿಗೊಂದು ಫೋನ್ ಇರುತ್ತದೆ. ಅದು ರಿಂಗಾದರೆ ಎದ್ದು ತೋಳು ಬಿಸಿ ಮಾಡಿಕೊಳ್ಳಬೇಕು. ಇವತ್ತು ಕೆಲಸ ಇದೆಯೋ ಇಲ್ಲವೋ, ನಾಳೆ ಇದೆಯೋ ಇಲ್ಲವೋ, ಗೊತ್ತಿರುವುದಿಲ್ಲ. ಸೀಸನ್‌ಗೆ 162 ಪಂದ್ಯ.

ಇಲ್ಲೊಂದು ಸೂಕ್ಷ್ಮ ಇದೆ. ಬುಲ್‌ಪೆನ್‌ನಲ್ಲಿ ಎದ್ದು ನಿಂತು ಇಪ್ಪತ್ತು ಚೆಂಡು ಎಸೆದು, ಕೊನೆಗೆ ಮ್ಯಾನೇಜರ್ ಮನಸ್ಸು ಬದಲಿಸಿದರೆ ಆ ಇಪ್ಪತ್ತು ಎಸೆತ ಅಂಕಿಅಂಶದಲ್ಲಿ ಎಲ್ಲೂ ಕಾಣುವುದಿಲ್ಲ. ತೋಳಿಗೆ ಮಾತ್ರ ಅದು ಲೆಕ್ಕವೇ.

ವೇಗ ಯಾಕೆ ಅಷ್ಟು ಮುಖ್ಯ?

ಪಿಚರ್ ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೂ 60 ಅಡಿ 6 ಇಂಚು ದೂರ. ವೇಗದ ಎಸೆತ ಈ ದೂರ ದಾಟಲು ಬೇಕಾಗಿದ್ದು ಸುಮಾರು 0.4 ಸೆಕೆಂಡ್. ಅಷ್ಟರಲ್ಲಿ ಚೆಂಡನ್ನು ನೋಡಬೇಕು, ನಿರ್ಧರಿಸಬೇಕು, ಬ್ಯಾಟ್ ಬೀಸಬೇಕು. ಗಂಟೆಗೆ ಏಳೆಂಟು ಕಿಲೋಮೀಟರ್ ಕಡಿಮೆಯಾದರೆ ಬ್ಯಾಟರ್‌ಗೆ ಸಿಗುವುದು ಸೆಕೆಂಡಿನ ನೂರನೇ ಒಂದೆರಡು ಪಾಲು ಅಷ್ಟೇ. ಆದರೆ ಈ ಮಟ್ಟದಲ್ಲಿ ಅದೇ ಬಹಳ.

ಬೆಟಾನ್ಸೆಸ್ ಆರು ಅಡಿ ಎಂಟು ಇಂಚಿನ ಆಳು. 2018ರಲ್ಲಿ ಅವರ ವೇಗದ ಎಸೆತ ಸರಾಸರಿ ಗಂಟೆಗೆ ಸುಮಾರು 158 ಕಿ.ಮೀ. ಇತ್ತು. ಆ ವೇಗಕ್ಕೆ ಸಿದ್ಧವಾಗಿ ನಿಂತ ಬ್ಯಾಟರ್‌ಗೆ ನಿಧಾನವಾಗಿ ಬಾಗಿ ಬೀಳುವ ಕರ್ವ್‌ಬಾಲ್ ಎಸೆದರೆ ಅವನು ಗಾಳಿಗೆ ಬ್ಯಾಟ್ ಬೀಸುತ್ತಿದ್ದ. ವೇಗ ಹೋದರೆ ಕರ್ವ್‌ಬಾಲ್‌ನ ಮೋಸವೂ ಹೋಗುತ್ತದೆ. 2020ರಲ್ಲಿ ಅದೇ ಎಸೆತ 151 ಕಿ.ಮೀ. ಆಸುಪಾಸಿಗೆ ಇಳಿಯಿತು.

ಅವರು ಎಷ್ಟು ದುಡಿದಿದ್ದರು?

2014ರಲ್ಲಿ 90 ಇನ್ನಿಂಗ್ಸ್, 135 ಸ್ಟ್ರೈಕ್‌ಔಟ್. 2015ರಲ್ಲಿ 84 ಇನ್ನಿಂಗ್ಸ್, 131. 2016ರಲ್ಲಿ 73 ಇನ್ನಿಂಗ್ಸ್, 126. ಒಟ್ಟು ಮೂರು ವರ್ಷದಲ್ಲಿ 217 ಪಂದ್ಯ, 247 ಇನ್ನಿಂಗ್ಸ್. 2014ರ 135 ಸ್ಟ್ರೈಕ್‌ಔಟ್ ಯಾಂಕೀಸ್ ರಿಲೀಫ್ ಪಿಚರ್ ಒಬ್ಬರ ದಾಖಲೆ. ಅದಕ್ಕೂ ಮುಂಚೆ ಆ ದಾಖಲೆ ಇದ್ದದ್ದು ದಿಗ್ಗಜ ಮರಿಯಾನೊ ರಿವೇರಾ ಹೆಸರಲ್ಲಿ. 2014ರಿಂದ 2017ರವರೆಗೆ ನಾಲ್ಕೂ ವರ್ಷ ಬೆಟಾನ್ಸೆಸ್ ಆಲ್-ಸ್ಟಾರ್ ತಂಡದಲ್ಲಿದ್ದರು. ಪಂದ್ಯ ಬಿಗಿಯಾದಾಗಲೆಲ್ಲ ಫೋನ್ ರಿಂಗಾಗುತ್ತಿದ್ದದ್ದು ಇವರಿಗೇ.

ಮೊದಲ ಮೂರು ವರ್ಷ ಅವರಿಗೆ ಸಿಕ್ಕಿದ್ದು ಲೀಗಿನ ಕನಿಷ್ಠ ವೇತನದ ಆಸುಪಾಸಿನ ಸಂಬಳ. 2014ರಲ್ಲಿ ಆ ಕನಿಷ್ಠ ವೇತನ 5 ಲಕ್ಷ ಡಾಲರ್.

ಸಂಬಳ ನಿಗದಿಯಾಗುವುದು ಹೇಗೆ?

ಮೇಜರ್ ಲೀಗ್‌ನಲ್ಲಿ ಆಟಗಾರನ ಮೊದಲ ಮೂರು ವರ್ಷದ ಸಂಬಳವನ್ನು ಹೆಚ್ಚುಕಮ್ಮಿ ತಂಡವೇ ತೀರ್ಮಾನಿಸುತ್ತದೆ. ನಂತರದ ಮೂರು ವರ್ಷ ಒಮ್ಮತಕ್ಕೆ ಬರದಿದ್ದರೆ ಪಂಚಾಯ್ತಿ. ಆಟಗಾರ ಒಂದು ಮೊತ್ತ ಹೇಳುತ್ತಾನೆ, ತಂಡ ಒಂದು ಮೊತ್ತ ಹೇಳುತ್ತದೆ. ಮೂವರು ಪಂಚರು ಎರಡರಲ್ಲೊಂದನ್ನು ಆರಿಸಬೇಕು. ನಡುವಿನ ದಾರಿ ಇಲ್ಲ. ಆರು ವರ್ಷ ತುಂಬಿದ ಮೇಲಷ್ಟೇ ತನಗೆ ಬೇಕಾದ ತಂಡದ ಜೊತೆ ಮಾತಾಡುವ ಹಕ್ಕು, ಅಂದರೆ 'ಫ್ರೀ ಏಜೆನ್ಸಿ'.

2017ರ ಫೆಬ್ರವರಿಯಲ್ಲಿ ಬೆಟಾನ್ಸೆಸ್ 50 ಲಕ್ಷ ಡಾಲರ್ ಕೇಳಿದರು. ಯಾಂಕೀಸ್ ಕೊಡ್ತೀವಿ ಅಂದಿದ್ದು 30 ಲಕ್ಷ. ಬೆಟಾನ್ಸೆಸ್ 'ಕ್ಲೋಸರ್' ಅಲ್ಲ ಅನ್ನೋದು ತಂಡದ ವಾದ. ಮೂರು ರನ್‌ಗಿಂತ ಹೆಚ್ಚಿಲ್ಲದ ಮುನ್ನಡೆ ಇದ್ದಾಗ ಬಂದು ಕೊನೆಯ ಇನ್ನಿಂಗ್ಸ್ ಎಸೆದು ಗೆಲ್ಲಿಸುವವನೇ ಕ್ಲೋಸರ್. ಅವನ ಖಾತೆಗೆ ಒಂದು 'ಸೇವ್' ಸೇರುತ್ತದೆ. 1969ರಿಂದ ಇದು ಅಧಿಕೃತ ಅಂಕಿ, ರಿಲೀಫ್ ಪಿಚರ್‌ಗಳ ಸಂಬಳ ಅಳೆಯುವ ಮುಖ್ಯ ಕೋಲೂ ಇದೇ ಆಗಿತ್ತು. ಏಳನೆಯ, ಎಂಟನೆಯ ಇನ್ನಿಂಗ್ಸ್‌ನಲ್ಲಿ ಬಂದು ಪಂದ್ಯ ಉಳಿಸಿದರೆ ಸೇವ್ ಸಿಗುವುದಿಲ್ಲ.

ಆದರೆ ಯಾವ ಇನ್ನಿಂಗ್ಸ್‌ಗೆ ಯಾರು ಅಂತ ತೀರ್ಮಾನಿಸುವುದು ಯಾರು? ತಂಡವೇ. ಬೇರೆಯವರನ್ನು ಕ್ಲೋಸರ್ ಮಾಡಿ ಇವರನ್ನು ಎಂಟನೆಯ ಇನ್ನಿಂಗ್ಸ್‌ನಲ್ಲಿ ದುಡಿಸಿಕೊಂಡಿದ್ದೂ ತಂಡವೇ, ಆಮೇಲೆ 'ನೀನು ಕ್ಲೋಸರ್ ಅಲ್ಲವಲ್ಲ' ಅಂದಿದ್ದೂ ಅದೇ ತಂಡ. ಪಂಚರು ಯಾಂಕೀಸ್ ಪರ ನಿಂತರು. ಗೆದ್ದ ಮೇಲೂ ಸುಮ್ಮನಿರದ ತಂಡದ ಅಧ್ಯಕ್ಷ ರ‍್ಯಾಂಡಿ ಲೆವಿನ್, ಇವರು ಕ್ಲೋಸರ್ ಸಂಬಳ ಕೇಳುವುದು ನಾನು ಗಗನಯಾತ್ರಿ ಅಂತ ಹೇಳಿಕೊಂಡಂತೆ ಎಂದು ಪತ್ರಕರ್ತರ ಮುಂದೆ ಗೇಲಿ ಮಾಡಿದರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಇದೇ ಯಾಂಕೀಸ್ ಕ್ಲೋಸರ್ ಅರೋಲ್ಡಿಸ್ ಚಾಪ್‌ಮನ್‌ಗೆ ಐದು ವರ್ಷಕ್ಕೆ 8.6 ಕೋಟಿ ಡಾಲರ್ ಕೊಟ್ಟಿತ್ತು.

ಅತಿಯಾಗಿ ದುಡಿಸಿದ್ದೇ ಕಾರಣವೇ?

ಹಾಗೆ ಖಡಾಖಂಡಿತ ಹೇಳಲಾಗದು. ಬೆಟಾನ್ಸೆಸ್‌ಗೆ 2009ರಲ್ಲೇ ಮೊಣಕೈ ಶಸ್ತ್ರಚಿಕಿತ್ಸೆಯಾಗಿತ್ತು. 2019ರಲ್ಲಿ ವಯಸ್ಸು 31. ಆ ವಯಸ್ಸಿಗೆ ಬಹಳ ಪಿಚರ್‌ಗಳ ವೇಗ ತಾನಾಗಿಯೇ ಇಳಿಯುತ್ತದೆ. 2018ರಲ್ಲಂತೂ ಅವರು ಜೋರಾಗಿಯೇ ಎಸೆದಿದ್ದರು.

ಆದರೆ ದಣಿವು ಏನು ಮಾಡುತ್ತದೆ ಅನ್ನೋದಕ್ಕೆ 2016ರ ವರ್ಲ್ಡ್ ಸೀರೀಸ್ ನೋಡಿ. ಆಗ ಶಿಕಾಗೊ ಕಬ್ಸ್ ತಂಡದಲ್ಲಿದ್ದ ಚಾಪ್‌ಮನ್ ಐದನೆಯ ಪಂದ್ಯದಲ್ಲಿ 42 ಎಸೆತ ಎಸೆದರು. ಆರನೆಯ ಪಂದ್ಯದಲ್ಲಿ 7-2ರ ಆರಾಮದ ಮುನ್ನಡೆ ಇದ್ದರೂ ಮ್ಯಾನೇಜರ್ ಜೋ ಮ್ಯಾಡನ್ ಅವರನ್ನೇ ಕರೆದರು. ಮರುದಿನ, ಏಳನೆಯ ಪಂದ್ಯದಲ್ಲಿ, ಚಾಪ್‌ಮನ್ ಎಸೆತದಲ್ಲಿ ಎಂದಿನ ಬೆಂಕಿ ಇರಲಿಲ್ಲ. ರಜಾಯ್ ಡೇವಿಸ್ ಹೋಮ್ ರನ್ ಬಾರಿಸಿ ಸ್ಕೋರ್ ಸಮ ಮಾಡಿದರು. ಕಬ್ಸ್ ಕೊನೆಗೂ ಗೆದ್ದಿದ್ದರಿಂದ ಮಾತು ಅಲ್ಲಿಗೇ ನಿಂತಿತು.

2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸ್ವತಃ ಪಿಚರ್‌ಗಳ ಗಾಯದ ಬಗ್ಗೆ ವರದಿ ಹೊರತಂದಿತು. ಅದರ ಪ್ರಕಾರ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದ ಸರಾಸರಿ ವೇಗ 2024ಕ್ಕೆ 94.2ಕ್ಕೆ ಏರಿದೆ. ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಸುರಿಯುವ ಈ ಪದ್ಧತಿಯೇ ಗಾಯ ಹೆಚ್ಚಲು ಮುಖ್ಯ ಕಾರಣಗಳಲ್ಲೊಂದು ಎಂದಿತು. ಅಂದರೆ ಕೆಲಸ ಕೊಡಿಸುವುದೂ ವೇಗವೇ, ತೋಳು ಮುರಿಯುವುದೂ ವೇಗವೇ.

ಕೋಟಿ ಎಣಿಸುವವರ ಬಗ್ಗೆ ನಮಗ್ಯಾಕೆ ಚಿಂತೆ?

ನ್ಯಾಯವಾದ ಪ್ರಶ್ನೆಯೇ. 30 ಲಕ್ಷ ಡಾಲರ್ ಪಡೆದವರನ್ನು ಬಡವ ಅನ್ನಲಾಗದು. 2019ರ ಡಿಸೆಂಬರ್‌ನಲ್ಲಿ, ಗಾಯದ ನಂತರವೂ ನ್ಯೂಯಾರ್ಕ್ ಮೆಟ್ಸ್ ತಂಡ ಅವರಿಗೆ 1.05 ಕೋಟಿ ಡಾಲರ್ ಖಾತ್ರಿ ಕೊಟ್ಟಿತು. ಆದರೆ ಇಲ್ಲಿ ನೋಡಬೇಕಾದ್ದು ಮೊತ್ತವನ್ನಲ್ಲ, ಅಪಾಯ ಯಾರ ಹೆಗಲಿಗೆ ಬಿತ್ತು ಅನ್ನೋದನ್ನು. ತೋಳು ಗಟ್ಟಿ ಇದ್ದಾಗ ಬೆಲೆ ಕಟ್ಟುವ ಹಕ್ಕು ತಂಡದ್ದು. ಆಟಗಾರನಿಗೆ ಆ ಹಕ್ಕು ಬರುವ ಹೊತ್ತಿಗೆ ಭುಜ ಕೈಕೊಟ್ಟಿತ್ತು. ಬೆಟಾನ್ಸೆಸ್ ಮೆಟ್ಸ್ ಪರ 2020ರಲ್ಲಿ 15 ಪಂದ್ಯ, 2021ರಲ್ಲಿ ಒಂದೇ ಒಂದು ಪಂದ್ಯ ಆಡಿದರು. ಮತ್ತೆ ಭುಜಕ್ಕೆ ಶಸ್ತ್ರಚಿಕಿತ್ಸೆ. 2022ರ ಆಗಸ್ಟ್‌ನಲ್ಲಿ ನಿವೃತ್ತಿ.

ಸ್ವಲ್ಪ ಬದಲಾವಣೆ ಆಗಿದೆ. ಮಾಲೀಕರು 99 ದಿನ ಲಾಕೌಟ್ ಮಾಡಿದ ಮೇಲೆ 2022ರ ಮಾರ್ಚ್‌ನಲ್ಲಿ ಆದ ಒಪ್ಪಂದದಲ್ಲಿ, ಪಂಚಾಯ್ತಿ ಹಕ್ಕು ಇನ್ನೂ ಬಾರದ ಆಟಗಾರರಿಗಾಗಿ ವರ್ಷಕ್ಕೆ 5 ಕೋಟಿ ಡಾಲರ್‌ನ ಬೋನಸ್ ನಿಧಿ ಸೇರಿತು. ಆಟಗಾರರ ಸಂಘಟನೆ ಕೂತು ಚೌಕಾಸಿ ಮಾಡಿದ್ದರಿಂದ ಬಂದದ್ದು ಅದು. ಆರು ವರ್ಷದ ಕಾಯುವಿಕೆ ಮಾತ್ರ ಹಾಗೇ ಉಳಿಯಿತು. ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ.

ಹಾಗಾಗಿ ಇನ್ನೊಮ್ಮೆ ಯಾವುದೋ ರಿಲೀಫ್ ಪಿಚರ್‌ನ ವೇಗ ಇಳಿದಿದೆ ಅಂತ ಸುದ್ದಿ ಬಂದರೆ, ವೇಗದ ಗ್ರಾಫ್ ಜೊತೆಗೆ ಇನ್ನೆರಡು ಅಂಕಿ ಹುಡುಕಿ ನೋಡಿ: ಕಳೆದ ಮೂರು ವರ್ಷ ಎಷ್ಟು ಇನ್ನಿಂಗ್ಸ್ ಎಸೆದ, ಆ ಮೂರು ವರ್ಷ ಅವನಿಗೆ ಎಷ್ಟು ಕೊಟ್ಟರು.