ಮುಖವಿಲ್ಲದ ಅಂಗಡಿಯ ಮೇಲೆ ದೂರು

2020ರ ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಹ್ಯಾಂಡ್ ಸ್ಯಾನಿಟೈಸರ್‌ಗಳನ್ನು ಅಗತ್ಯ ವಸ್ತುಗಳೆಂದು ಘೋಷಿಸಿತು. ಎಂಟು ದಿನ ಕಳೆದು ಬೆಲೆಯನ್ನೂ ಗೊತ್ತುಮಾಡಿತು: ಮೂರು ಪದರದ ಮಾಸ್ಕ್ 10 ರೂಪಾಯಿ ಮೀರಬಾರದು, 200 ಮಿಲಿ ಸ್ಯಾನಿಟೈಸರ್ 100 ರೂಪಾಯಿ ಮೀರಬಾರದು. ಈ ಅಧಿಕಾರ ಬಂದದ್ದು 1955ರ ಅಗತ್ಯ ವಸ್ತುಗಳ ಕಾಯ್ದೆಯಿಂದ. ಎರಡನೇ ಮಹಾಯುದ್ಧ ಕಾಲದ ಕಂಟ್ರೋಲು, ರೇಷನ್ನು, ಕಾಳಸಂತೆಗಳ ನೆನಪು ಇನ್ನೂ ಹಸಿಯಾಗಿದ್ದಾಗ ಹುಟ್ಟಿದ ಕಾನೂನು ಅದು. ಗೋದಾಮಿನಲ್ಲಿ ಬಚ್ಚಿಟ್ಟ ಮೂಟೆಗಳ ಲೆಕ್ಕ ಅದಕ್ಕೆ ಗೊತ್ತಿತ್ತು. ಈಗ ಎದುರಾದದ್ದು ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಇನ್ನೊಂದು ಬೆಲೆ ತೋರಿಸುವ ಮೊಬೈಲ್ ಪರದೆ.

ಎಮ್ಮಾರ್ಪಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. 2018ರ ಜನವರಿಯಿಂದ ಆನ್‌ಲೈನ್ ಮಾರಾಟದಲ್ಲೂ ಅದನ್ನು ತೋರಿಸುವುದು ಕಡ್ಡಾಯ. ಆದರೆ ಎಮ್ಮಾರ್ಪಿ ಎಂದರೆ ಸರ್ಕಾರ ಕಟ್ಟಿದ ಬೆಲೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೆಲವು ಔಷಧಿಗಳಂಥವನ್ನು ಬಿಟ್ಟರೆ, ಅದನ್ನು ನಿರ್ಧರಿಸಿ ಅಚ್ಚು ಹಾಕುವುದು ಸರಕು ತಯಾರಿಸಿದವರೇ. ಅಚ್ಚಾದದ್ದಕ್ಕಿಂತ ಹೆಚ್ಚು ಕೇಳಿದರೆ ಅಪರಾಧ. ಹೊಸ ಸರಕಿನ ಮೇಲೆ ಮೂರು ಪಟ್ಟು ಅಚ್ಚು ಹಾಕಿದರೆ ಅಲ್ಲ. ಮಾರ್ಚ್ ತಿಂಗಳ ಆದೇಶ ಬೇಕಾದದ್ದು ಈ ಸಂದಿಯನ್ನು ಮುಚ್ಚಲು.

ಲಾಭಕ್ಕೆ ಬೇಲಿ ಹಾಕುವ ಯೋಚನೆ ಹೊಸದೇನಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ ಸ್ಥಳೀಯ ಸರಕಿಗೆ ನೂರಕ್ಕೆ 5, ಹೊರನಾಡಿನ ಸರಕಿಗೆ ನೂರಕ್ಕೆ 10 ಲಾಭವನ್ನು ಒಪ್ಪುತ್ತದೆ. ವರ್ತಕರು ಒಟ್ಟುಗೂಡಿ ಸರಕು ತಡೆದು ಬೆಲೆ ಏರಿಸಿದರೆ ಸಾವಿರ ಪಣ ದಂಡ. ಈ ಮಾತುಗಳು ಬರುವ ಅಧಿಕರಣದ ಹೆಸರೇ ಕಂಟಕಶೋಧನ, ಅಂದರೆ ಮುಳ್ಳು ಹುಡುಕಿ ತೆಗೆಯುವುದು. ಕೌಟಿಲ್ಯನ ವರ್ತಕನಿಗೆ ಒಂದು ಊರು, ಒಂದು ಪೇಟೆ, ಒಂದು ತಕ್ಕಡಿ ಇತ್ತು. ಮುಳ್ಳು ಎಲ್ಲಿದೆ ಎಂದು ಅಧಿಕಾರಿಗೆ ತಿಳಿಯುತ್ತಿತ್ತು.

ಆನ್‌ಲೈನ್ ಸಂತೆಯಲ್ಲಿ ಹುಡುಕುವ ಕೆಲಸ ಗ್ರಾಹಕನ ಹೆಗಲಿಗೆ ಬಿತ್ತು. ದೂರು ಕೊಡಲು ಮಾರಾಟಗಾರನ ಹೆಸರು, ದಿನ, ಹೊತ್ತು, ಬೆಲೆ ಎಲ್ಲ ಬೇಕು. ಕೊಂಡರೆ ಬಿಲ್ಲು ಸಿಗುತ್ತದೆ, ಆದರೆ ಸುಲಿಗೆ ಆಗಿಹೋಗಿರುತ್ತದೆ. ಕೊಳ್ಳದಿದ್ದರೆ ಕೈಯಲ್ಲಿ ಉಳಿಯುವುದು ಒಂದು ಸ್ಕ್ರೀನ್‌ಶಾಟ್ ಮಾತ್ರ. ಅಷ್ಟರಲ್ಲಿ ಆ ಬೆಲೆಯೇ ಮಾಯವಾಗಿರಬಹುದು. ಜಾಲತಾಣದವರನ್ನು ಕೇಳಿದರೆ ಅವರು ಸಂತೆಗೆ ಚಪ್ಪರ ಹಾಕಿದವರಷ್ಟೇ, ಮಾರಿದವರು ಬೇರೆ. ಈ ವಾದ ಕಾನೂನಿನಲ್ಲಿ ನಿಲ್ಲಬಹುದು, ಆದರೆ ಪ್ರತಿ ಮಾರಾಟದಲ್ಲೂ ಚಪ್ಪರದವರಿಗೆ ಪಾಲು ಇರುವಾಗ ಅದು ನನಗೆ ಒಪ್ಪಿಗೆಯಾಗುವುದಿಲ್ಲ.

ಅಮೆರಿಕದಲ್ಲೂ ಇದೇ ಜಗ್ಗಾಟ ನಡೆಯಿತು. ಅಲ್ಲಿ ಬೆಲೆ ಸುಲಿಗೆಯ ಕಾನೂನುಗಳಿರುವುದು ರಾಜ್ಯಗಳಲ್ಲಿ. 2020ರ ಮಾರ್ಚ್ ಕೊನೆಗೆ 33 ಅಟಾರ್ನಿ ಜನರಲ್‌ಗಳು ಅಮೆಜಾನ್, ಈಬೇ, ಫೇಸ್‌ಬುಕ್, ವಾಲ್‌ಮಾರ್ಟ್, ಕ್ರೇಗ್ಸ್‌ಲಿಸ್ಟ್‌ಗಳಿಗೆ ಪತ್ರ ಬರೆದರು. ಜನ ನೇರವಾಗಿ ಬೆಲೆಯ ದೂರು ಕೊಡಲು ನಿಮ್ಮಲ್ಲೇ ಒಂದು ಪುಟ ತೆರೆಯಿರಿ ಎಂಬುದು ಅವರ ಬೇಡಿಕೆಗಳಲ್ಲೊಂದು.

ನಮ್ಮಲ್ಲಿ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಬಂದವು. ಮಾರಾಟಗಾರನ ಹೆಸರು, ವಿಳಾಸ ಕಾಣಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಅಸಾಧಾರಣ ಸಂದರ್ಭವನ್ನು ಬಳಸಿಕೊಂಡು ಜಾಲತಾಣ ಬೆಲೆ ತಿರುಚಬಾರದು. ಈ ನಿಯಮಗಳು ಪ್ರಕಟವಾದದ್ದು 2020ರ ಜುಲೈ 23ರಂದು. ಮಾಸ್ಕು, ಸ್ಯಾನಿಟೈಸರುಗಳು ಅಗತ್ಯ ವಸ್ತುಗಳ ಪಟ್ಟಿಯಲ್ಲಿದ್ದ ಅವಧಿ ಜೂನ್ 30ಕ್ಕೇ ಮುಗಿದಿತ್ತು.