ಬ್ಲಡ್ ಬೌಲ್: ಎದುರಾಳಿಯ ಪಕ್ಕದ ಮನೆಗೆ ಹೋದರೆ ದಾಳ ಹಾಕಬೇಕೇ?

ಬ್ಲಡ್ ಬೌಲ್ ಎಂಬುದು 1986ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಹೊರತಂದ ಬೋರ್ಡ್ ಗೇಮ್. ಮನುಷ್ಯರು, ಓರ್ಕ್‌ಗಳು, ಎಲ್ಫ್‌ಗಳು ಸೇರಿ ಅಮೆರಿಕನ್ ಫುಟ್‌ಬಾಲ್ ಆಡಿದರೆ ಹೇಗೋ ಹಾಗೆ. ಇದರ ಓಡಾಟದ ನಿಯಮದಲ್ಲಿ ಹೊಸಬರಿಗೆ ಗೊಂದಲ ಜಾಸ್ತಿ. ಇಲ್ಲಿ ಹೇಳಿರುವುದು 2020ರ ಆವೃತ್ತಿಯ ನಿಯಮ.

ನಿಂತಿರುವ ಪ್ರತಿ ಆಟಗಾರನ ಸುತ್ತಲಿನ ಎಂಟು ಮನೆಗಳು ಅವನ ಹಿಡಿತದಲ್ಲಿರುತ್ತವೆ. ಇದಕ್ಕೆ ಟ್ಯಾಕಲ್ ಝೋನ್ ಎಂದು ಹೆಸರು. ನೆಲಕ್ಕೆ ಬಿದ್ದವನಿಗೆ ಈ ಹಿಡಿತ ಇಲ್ಲ.

ಈ ಹಿಡಿತದೊಳಗೆ ಕಾಲಿಡಲು ದಾಳ ಹಾಕಬೇಕು ಎಂಬ ನಂಬಿಕೆ ತಪ್ಪು. ಒಳಗೆ ಹೋಗುವುದು ಪುಕ್ಕಟೆ, ಹೊರಡುವಾಗಲೇ ‘ಡಾಡ್ಜ್’ ದಾಳ. ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ನಿಮ್ಮನ್ನು ಮೂವರು ಸುತ್ತುವರಿದಿದ್ದರೆ ಮೂರು ಅಂಕ ಕಡಿತ ಎಂದು ಹಲವರು ಲೆಕ್ಕ ಹಾಕುತ್ತಾರೆ. ಬಿಡುವ ಮನೆಯಲ್ಲಿ ಎಷ್ಟು ಜನರ ಹಿಡಿತವಿದೆ ಎಂಬುದು ಲೆಕ್ಕಕ್ಕೇ ಇಲ್ಲ. ಸೇರುವ ಮನೆಯಲ್ಲಿ ಎಷ್ಟು ಎದುರಾಳಿಗಳ ಹಿಡಿತವಿದೆಯೋ ಅಷ್ಟು ಅಂಕ ಕಡಿತ.

ಲೆಕ್ಕ ಮಾಡಿಯೇ ನೋಡೋಣ. ಕೊನೆಯ ಸರದಿ. ಚೆಂಡು ಹಿಡಿದ ಮನುಷ್ಯ ಲೈನ್‌ಮನ್ ಪಕ್ಕದಲ್ಲಿ ಒಬ್ಬ ಎದುರಾಳಿ, ಗೋಲ್ ಗೆರೆಗೆ 8 ಮನೆ. ಇವನ ನಡಿಗೆ 6. ಉಳಿದ ಎರಡಕ್ಕೆ ‘ರಶ್’ ಮಾಡಬೇಕು, ಅಂದರೆ ಮನೆಗೊಂದು ದಾಳ, 1 ಬಿದ್ದರೆ ಮುಗ್ಗರಿಸುತ್ತಾನೆ. ಖಾಲಿ ಮನೆಗೆ ತಪ್ಪಿಸಿಕೊಳ್ಳಲು 3 ಅಥವಾ ಹೆಚ್ಚು ಬೀಳಬೇಕು. ಮೂರೂ ದಾಳ ಗೆಲ್ಲುವ ಸಾಧ್ಯತೆ ಸುಮಾರು 46%.

ಅದೇ ಇವನು ಇನ್ನೊಬ್ಬ ಎದುರಾಳಿಯ ಹಿಡಿತವಿರುವ ಮನೆಗೆ ಹಾರಿದರೆ 4 ಬೇಕು. ಅಲ್ಲಿಂದ ಹೊರಡಲು ಮತ್ತೊಂದು ಡಾಡ್ಜ್! ದೂರ ಅಷ್ಟೇ, ಸಾಧ್ಯತೆ ಮಾತ್ರ 23%ಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಬೋರ್ಡಿನ ಮೇಲೆ ಎರಡೂ ದಾರಿ ಒಂದೇ ತರಹ ಕಾಣುವುದೇ ಇಲ್ಲಿನ ಮೋಸ.

ಡಾಡ್ಜ್ ತಪ್ಪಿದರೆ ಆಟಗಾರ ಸೇರಬೇಕಿದ್ದ ಮನೆಯಲ್ಲೇ ಬೀಳುತ್ತಾನೆ. ಅಲ್ಲಿಗೆ ಟರ್ನ್‌ಓವರ್, ನಿಮ್ಮ ತಂಡದ ಇಡೀ ಸರದಿ ಮುಗಿಯಿತು. ಹಾಗಾಗಿ ಅನುಭವಿಗಳು ದಾಳ ಬೇಡದ ಕಾಯಿಗಳನ್ನು ಮೊದಲು ನಡೆಸುತ್ತಾರೆ.

‘ಎರಡು ಸಲ 1 ಬಿತ್ತು, ಈ ಸಲ ಬೀಳಲ್ಲ’ ಎಂಬ ಮಾತನ್ನೂ ನಂಬಬೇಡಿ. ಹಿಂದೆ ಏನು ಬಿತ್ತೆಂದು ದಾಳಕ್ಕೆ ನೆನಪಿರುವುದಿಲ್ಲ. ನಿಜಕ್ಕೂ ನೆರವಾಗುವುದು ಮರುದಾಳ. ಮೊದಲ ದಾರಿಯಲ್ಲಿ ಒಂದೇ ಒಂದು ಮರುದಾಳ ಕೈಯಲ್ಲಿದ್ದರೆ 46% ಇದ್ದದ್ದು ಸುಮಾರು 77% ಆಗುತ್ತದೆ. ಆದರೆ ಒಮ್ಮೆ ಮರುಹಾಕಿದ ದಾಳವನ್ನು ಇನ್ನೊಮ್ಮೆ ಹಾಕುವಂತಿಲ್ಲ, ತಂಡದ ಬಳಿ ಎಷ್ಟೇ ಮರುದಾಳ ಉಳಿದಿದ್ದರೂ.