ಸ್ಥಿರ ಹೊಂದಾಣಿಕೆ ಸಮಸ್ಯೆ

ಸ್ಥಿರ ಹೊಂದಾಣಿಕೆ ಸಮಸ್ಯೆಯು ಗಣಿತ, ಗಣಕ ವಿಜ್ಞಾನ ಮತ್ತು ಅರ್ಥಶಾಸ್ತ್ರಗಳಲ್ಲಿ ಅಧ್ಯಯನಕ್ಕೆ ಒಳಗಾಗಿರುವ ಒಂದು ಪ್ರಸಿದ್ಧ ಸಮಸ್ಯೆ. ಎರಡು ಗುಂಪುಗಳಿದ್ದು, ಒಂದು ಗುಂಪಿನ ಪ್ರತಿಯೊಬ್ಬರೂ ಇನ್ನೊಂದು ಗುಂಪಿನವರನ್ನು ತಮ್ಮ ಇಷ್ಟದ ಕ್ರಮದಲ್ಲಿ ಪಟ್ಟಿಮಾಡಿರುವಾಗ, ಅವರನ್ನು ಮುಂದೆ ಮುರಿದುಬೀಳದಂತೆ ಜೋಡಿಸುವುದು ಹೇಗೆ ಎಂಬುದೇ ಈ ಸಮಸ್ಯೆಯ ತಿರುಳು. ವಿದ್ಯಾರ್ಥಿಗಳಿಗೆ ಕಾಲೇಜು ಸೀಟು, ಕಿರಿಯ ವೈದ್ಯರಿಗೆ ತರಬೇತಿ ಆಸ್ಪತ್ರೆ, ಮಕ್ಕಳಿಗೆ ಸರ್ಕಾರಿ ಶಾಲೆ ಮೊದಲಾದವುಗಳ ಹಂಚಿಕೆಯಲ್ಲಿ ಇದರ ಪರಿಹಾರವು ಬಳಕೆಯಲ್ಲಿದೆ. ಇವೆಲ್ಲವೂ ಹಣದ ಬೆಲೆ ಕಟ್ಟಿ ಹಂಚಲಾಗದ ಸಂಗತಿಗಳು. ಒಂದು ಕ್ಷೇತ್ರಕ್ಕಾಗಿ ರೂಪಿಸಿದ ಗಣನಾ ವಿಧಾನವು ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ಹಲವು ಕ್ಷೇತ್ರಗಳಿಗೆ ನೆರವಾಗುವುದಕ್ಕೆ ಇದನ್ನು ಉತ್ತಮ ನಿದರ್ಶನವೆಂದು ಪರಿಗಣಿಸಬಹುದು.

ಹಿನ್ನೆಲೆ

ಅಮೆರಿಕದ ಗಣಿತಜ್ಞರಾದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಪ್ರಕಟಿಸಿದ ಕಿರು ಲೇಖನವೊಂದರಲ್ಲಿ ಈ ಸಮಸ್ಯೆಯನ್ನು ಮಂಡಿಸಿ, ಅದಕ್ಕೆ ಪರಿಹಾರವನ್ನೂ ನೀಡಿದರು. ಕಾಲೇಜು ಪ್ರವೇಶ ಮತ್ತು ವಿವಾಹ ಸಂಬಂಧಗಳನ್ನು ಅವರು ಉದಾಹರಣೆಗಳಾಗಿ ತೆಗೆದುಕೊಂಡಿದ್ದರು. ಆಲ್ವಿನ್ ರಾಥ್ ಇದನ್ನು ನಿಜಜೀವನದ ವ್ಯವಸ್ಥೆಗಳಿಗೆ ಅಳವಡಿಸುವ ಕೆಲಸದಲ್ಲಿ ಪ್ರಮುಖ ಪಾತ್ರ ವಹಿಸಿದರು. 2012ರ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿಯು ರಾಥ್ ಮತ್ತು ಶಾಪ್ಲಿ ಅವರಿಗೆ ಸಂದಿತು. ಗೇಲ್ 2008ರಲ್ಲಿಯೇ ನಿಧನರಾಗಿದ್ದರು.

ಸ್ಥಿರತೆಯ ಅರ್ಥ

ಒಬ್ಬ ವಿದ್ಯಾರ್ಥಿಯು ತನಗೆ ದೊರೆತ ಕಾಲೇಜಿಗಿಂತ ಬೇರೊಂದನ್ನು ಹೆಚ್ಚು ಬಯಸುತ್ತಾನೆ. ಆ ಕಾಲೇಜೂ ತಾನು ಸೇರಿಸಿಕೊಂಡವರಲ್ಲಿ ಒಬ್ಬರಿಗಿಂತ ಈತನನ್ನೇ ಹೆಚ್ಚು ಬಯಸುತ್ತದೆ ಎಂದು ಭಾವಿಸೋಣ. ಆಗ ಇಬ್ಬರೂ ಹಂಚಿಕೆಯನ್ನು ಬದಿಗೊತ್ತಿ ತಮ್ಮೊಳಗೇ ಒಪ್ಪಂದ ಮಾಡಿಕೊಳ್ಳಲು ಕಾರಣವಿರುತ್ತದೆ. ಇಂತಹ ಒಂದು ಜೋಡಿಯೂ ಇಲ್ಲದ ಹಂಚಿಕೆಯನ್ನು ‘ಸ್ಥಿರ’ ಎನ್ನುತ್ತಾರೆ. ಸ್ಥಿರ ಹಂಚಿಕೆಯಲ್ಲಿ ಎಲ್ಲರಿಗೂ ಮೊದಲ ಆಯ್ಕೆ ದೊರೆಯುತ್ತದೆ ಎಂದಲ್ಲ. ದೊರೆಯದಿದ್ದವರಿಗೆ ಅದಕ್ಕೆ ನ್ಯಾಯವಾದ ಕಾರಣವಿರುತ್ತದೆ ಎಂದಷ್ಟೇ ಅರ್ಥ.

ಪರಿಹಾರದ ವಿಧಾನ

ಗೇಲ್–ಶಾಪ್ಲಿ ಕ್ರಮಾವಳಿಯಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಪಟ್ಟಿಯ ಮೊದಲ ಕಾಲೇಜಿಗೆ ಅರ್ಜಿ ಸಲ್ಲಿಸುತ್ತಾನೆ. ಕಾಲೇಜು ತನ್ನ ಸೀಟುಗಳಿಗೆ ತಕ್ಕಷ್ಟು ಅರ್ಜಿಗಳನ್ನು ತಾತ್ಕಾಲಿಕವಾಗಿ ಇರಿಸಿಕೊಂಡು ಉಳಿದವುಗಳನ್ನು ಹಿಂತಿರುಗಿಸುತ್ತದೆ. ತಿರಸ್ಕೃತರು ತಮ್ಮ ಮುಂದಿನ ಆಯ್ಕೆಗೆ ಅರ್ಜಿ ಹಾಕುತ್ತಾರೆ. ಉತ್ತಮ ಅರ್ಜಿ ಬಂದರೆ ಕಾಲೇಜು ಹಿಂದೆ ಇರಿಸಿಕೊಂಡಿದ್ದನ್ನು ಕೈಬಿಡಬಹುದು. ಹೊಸ ಅರ್ಜಿಗಳು ನಿಂತ ಮೇಲಷ್ಟೇ ಹಂಚಿಕೆ ಅಂತಿಮವಾಗುತ್ತದೆ.

ಒಂದೊಂದೇ ಸೀಟು ಇರುವ ಕ, ಖ, ಗ ಎಂಬ ಮೂರು ಕಾಲೇಜುಗಳಿವೆ ಎಂದುಕೊಳ್ಳೋಣ. ಅನಿತಾಳ ಆಯ್ಕೆಯ ಕ್ರಮ ಕ, ಖ, ಗ. ಬಸವನದು ಕ, ಗ, ಖ. ಚೇತನನದು ಖ, ಕ, ಗ. ‘ಕ’ ಕಾಲೇಜಿನ ಕ್ರಮ ಚೇತನ, ಬಸವ, ಅನಿತಾ. ‘ಖ’ ಕಾಲೇಜಿನದು ಅನಿತಾ, ಚೇತನ, ಬಸವ. ‘ಗ’ ಕಾಲೇಜಿಗೆ ಯಾರಾದರೂ ಸರಿ.

1. ಮೊದಲ ಸುತ್ತಿನಲ್ಲಿ ‘ಕ’ ಬಸವನನ್ನು ಇರಿಸಿಕೊಂಡು ಅನಿತಾಳನ್ನು ತಿರಸ್ಕರಿಸುತ್ತದೆ. ‘ಖ’ ಚೇತನನನ್ನು ಇರಿಸಿಕೊಳ್ಳುತ್ತದೆ.
2. ಅನಿತಾ ‘ಖ’ಕ್ಕೆ ಅರ್ಜಿ ಹಾಕುತ್ತಾಳೆ. ‘ಖ’ ಅವಳನ್ನು ಇರಿಸಿಕೊಂಡು ಚೇತನನನ್ನು ಕೈಬಿಡುತ್ತದೆ.
3. ಚೇತನ ‘ಕ’ಕ್ಕೆ ಬರುತ್ತಾನೆ. ‘ಕ’ ಅವನನ್ನು ಇರಿಸಿಕೊಂಡು ಬಸವನನ್ನು ಕೈಬಿಡುತ್ತದೆ.
4. ಬಸವನಿಗೆ ‘ಗ’ ದೊರೆಯುತ್ತದೆ.

ಮೊದಲ ಸುತ್ತಿನಲ್ಲೇ ಸೀಟುಗಳನ್ನು ಅಂತಿಮಗೊಳಿಸಿದ್ದರೆ ಅನಿತಾಳಿಗೆ ‘ಗ’ ಮಾತ್ರ ಉಳಿಯುತ್ತಿತ್ತು. ಆಗ ಅನಿತಾ ‘ಖ’ವನ್ನೂ ‘ಖ’ ಅನಿತಾಳನ್ನೂ ಬಯಸುತ್ತಿದ್ದುದರಿಂದ ಹಂಚಿಕೆ ಅಸ್ಥಿರವಾಗುತ್ತಿತ್ತು. ನಿರ್ಧಾರವನ್ನು ಕೊನೆಯವರೆಗೆ ಮುಂದೂಡುವುದೇ ಈ ವಿಧಾನದ ಬಲ.

10 ವಿದ್ಯಾರ್ಥಿಗಳು ಮತ್ತು ಒಂದೊಂದೇ ಸೀಟಿನ 10 ಕಾಲೇಜುಗಳಿದ್ದರೆ ಸಾಧ್ಯವಿರುವ ಹಂಚಿಕೆಗಳು 36,28,800. ಅವೆಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವ ಬದಲು, ಈ ಕ್ರಮಾವಳಿಯು ಹೆಚ್ಚೆಂದರೆ 100 ಅರ್ಜಿಗಳಲ್ಲಿ ಉತ್ತರವನ್ನು ತಲುಪುತ್ತದೆ. ಸಂಖ್ಯೆ ಬೆಳೆದಂತೆ ಈ ಅಂತರವೂ ಅಗಾಧವಾಗಿ ಬೆಳೆಯುತ್ತದೆ. ಯಂತ್ರದ ವೇಗಕ್ಕಿಂತ ಸಮಸ್ಯೆಯನ್ನು ಸರಿಯಾಗಿ ನಿರೂಪಿಸುವುದು ಇಲ್ಲಿ ಹೆಚ್ಚಿನ ಫಲ ನೀಡಿದೆ.

ಅನ್ವಯಗಳು

ವೈದ್ಯಕೀಯ ತರಬೇತಿ

1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಪೈಪೋಟಿಯಿಂದಾಗಿ, ವೈದ್ಯಕೀಯ ವಿದ್ಯಾರ್ಥಿಗಳ ಪದವಿ ಮುಗಿಯಲು ಎರಡು ವರ್ಷಗಳಿರುವಾಗಲೇ ಅವರನ್ನು ಆಯ್ದುಕೊಳ್ಳತೊಡಗಿದ್ದವು. ಇದನ್ನು ತಡೆಯಲು 1952ರಲ್ಲಿ ಕೇಂದ್ರೀಕೃತ ಹಂಚಿಕೆ ಜಾರಿಗೆ ಬಂದಿತು. ಅಲ್ಲಿ ಅನುಭವದಿಂದ ರೂಪುಗೊಂಡಿದ್ದ ವಿಧಾನವು ತತ್ತ್ವದಲ್ಲಿ ಗೇಲ್–ಶಾಪ್ಲಿ ವಿಧಾನವೇ ಆಗಿತ್ತೆಂದು ರಾಥ್ 1984ರಲ್ಲಿ ತೋರಿಸಿದರು. ಆದರೆ ಅದರಲ್ಲಿ ಆಸ್ಪತ್ರೆಗಳೇ ಮೊದಲು ಕೋರಿಕೆ ಸಲ್ಲಿಸುತ್ತಿದ್ದವು. 1998ರಿಂದ ಅಭ್ಯರ್ಥಿಗಳು ಮೊದಲು ಕೋರುವ ಪರಿಷ್ಕೃತ ವಿಧಾನ ಬಳಕೆಗೆ ಬಂದಿತು.

ಶಾಲಾ ಪ್ರವೇಶ

ನ್ಯೂಯಾರ್ಕ್ ನಗರದಲ್ಲಿ ವರ್ಷಕ್ಕೆ ಸುಮಾರು 90,000 ವಿದ್ಯಾರ್ಥಿಗಳು ಸಾರ್ವಜನಿಕ ಪ್ರೌಢಶಾಲೆಗಳಿಗೆ ಪ್ರವೇಶ ಕೋರುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಸುಮಾರು 30,000 ಮಂದಿಗೆ ತಾವು ಕೇಳದ ಶಾಲೆ ದೊರೆಯುತ್ತಿತ್ತು. 2003ರಲ್ಲಿ ಹೊಸ ಪದ್ಧತಿ ಅಳವಡಿಕೆಯಾದ ಮೊದಲ ವರ್ಷವೇ ಈ ಸಂಖ್ಯೆ ಸುಮಾರು 3,000ಕ್ಕೆ ಇಳಿಯಿತು. ಬಾಸ್ಟನ್ ನಗರವು 2005ರಲ್ಲಿ ಇದೇ ಮಾರ್ಗವನ್ನು ಅನುಸರಿಸಿತು.

ಭಾರತದ ತಾಂತ್ರಿಕ ಶಿಕ್ಷಣ

ಐಐಟಿಗಳು ಮತ್ತು ಎನ್‌ಐಟಿಗಳು ಮೊದಲು ಪ್ರತ್ಯೇಕವಾಗಿ ಸೀಟು ಹಂಚುತ್ತಿದ್ದವು. ಒಬ್ಬರೇ ಎರಡು ಕಡೆ ಸೀಟು ಪಡೆದು ಒಂದನ್ನು ಬಿಡುತ್ತಿದ್ದುದರಿಂದ, ಇತರರು ಬಯಸಿದ ಸೀಟುಗಳು ಖಾಲಿ ಉಳಿಯುತ್ತಿದ್ದವು. 2015ರಲ್ಲಿ ಗೇಲ್–ಶಾಪ್ಲಿ ವಿಧಾನವನ್ನು ಆಧರಿಸಿದ ಜಂಟಿ ಹಂಚಿಕೆ ಆರಂಭವಾಯಿತು. ಸುರತ್ಕಲ್‌ನ ಎನ್‌ಐಟಿಯೂ ಇದರ ವ್ಯಾಪ್ತಿಯಲ್ಲಿದೆ. ಮೀಸಲಾತಿಯ ನಿಯಮಗಳನ್ನು ಪಾಲಿಸುವ ಸಲುವಾಗಿ ಮೂಲ ವಿಧಾನಕ್ಕೆ ಹಲವು ಮಾರ್ಪಾಡುಗಳನ್ನು ಮಾಡಲಾಯಿತು. ಹೊಸ ವ್ಯವಸ್ಥೆಯಿಂದ ಖಾಲಿ ಉಳಿಯುವ ಸೀಟುಗಳು ಗಣನೀಯವಾಗಿ ಕಡಿಮೆಯಾದವು.

ಮೂತ್ರಪಿಂಡ ವಿನಿಮಯ

ಇದು ಸ್ಥಿರ ಹೊಂದಾಣಿಕೆಗೆ ಹತ್ತಿರದ ಇನ್ನೊಂದು ಸಮಸ್ಯೆ. ರೋಗಿಗೆ ಮೂತ್ರಪಿಂಡ ನೀಡಲು ಪತ್ನಿ ಸಿದ್ಧರಿದ್ದರೂ ರಕ್ತದ ಗುಂಪು ಹೊಂದದೆ ಇರಬಹುದು. ಅಂತಹುದೇ ಸ್ಥಿತಿಯ ಇನ್ನೊಂದು ಕುಟುಂಬ ದೊರೆತು, ಒಬ್ಬರ ದಾನಿ ಮತ್ತೊಬ್ಬರ ರೋಗಿಗೆ ಹೊಂದಿದರೆ ಇಬ್ಬರ ಜೀವವೂ ಉಳಿಯಬಹುದು. ಗಣಕ ವಿಜ್ಞಾನಿಗಳು ಪ್ರತಿ ಕುಟುಂಬವನ್ನು ಒಂದು ಬಿಂದುವಾಗಿಯೂ ಹೊಂದಾಣಿಕೆಯನ್ನು ರೇಖೆಯಾಗಿಯೂ ಚಿತ್ರಿಸಿ, ಅತಿ ಹೆಚ್ಚು ರೋಗಿಗಳನ್ನು ಒಳಗೊಳ್ಳುವ ಆವರ್ತಗಳನ್ನು ಹುಡುಕುತ್ತಾರೆ. ದಾನಿಗಳು ನಡುವೆ ಹಿಂಜರಿಯುವ ಸಾಧ್ಯತೆ ಇರುವುದರಿಂದ ಒಂದು ಆವರ್ತದ ಶಸ್ತ್ರಚಿಕಿತ್ಸೆಗಳನ್ನು ಸಾಮಾನ್ಯವಾಗಿ ಏಕಕಾಲದಲ್ಲಿ ನಡೆಸಲಾಗುತ್ತದೆ. ಆದುದರಿಂದ ಆವರ್ತಗಳು ಚಿಕ್ಕದಾಗಿರಬೇಕು.

ಎರಡು ಕುಟುಂಬಗಳ ವಿನಿಮಯಕ್ಕೆ ಜ್ಯಾಕ್ ಎಡ್ಮಂಡ್ಸ್ 1965ರಲ್ಲಿ ನೀಡಿದ ವಿಧಾನವು ತ್ವರಿತ ಉತ್ತರ ನೀಡುತ್ತದೆ. ಮೂರು ಕುಟುಂಬಗಳವರೆಗೆ ಅವಕಾಶ ನೀಡಿದೊಡನೆ ಲೆಕ್ಕವು ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರುತ್ತದೆ. ಆದರೂ 10,000 ಜೋಡಿಗಳಷ್ಟು ದೊಡ್ಡ ಪಟ್ಟಿಗೂ ಉತ್ತಮೋತ್ತಮ ಉತ್ತರ ಕಂಡುಕೊಳ್ಳುವ ಮಾರ್ಗವನ್ನು ಸಂಶೋಧಕರು 2007ರಲ್ಲಿ ತೋರಿಸಿಕೊಟ್ಟರು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಮಾಡಿದ ತಿದ್ದುಪಡಿಯು, ಹೊಂದಾಣಿಕೆಯಾಗದ ಹತ್ತಿರದ ಸಂಬಂಧಿಗಳ ಜೋಡಿಗಳ ನಡುವೆ ಇಂತಹ ವಿನಿಮಯಕ್ಕೆ ಅವಕಾಶ ಕಲ್ಪಿಸಿದೆ. ಅಂಗಾಂಗಗಳ ಮಾರಾಟ ನಿಷಿದ್ಧ.

ಮಿತಿಗಳು

- ಕೋರಿಕೆ ಸಲ್ಲಿಸುವ ಪಕ್ಷಕ್ಕೆ ಸ್ಥಿರ ಹಂಚಿಕೆಗಳಲ್ಲೇ ಅತ್ಯುತ್ತಮವಾದುದು ದೊರೆಯುತ್ತದೆ. ಎದುರು ಪಕ್ಷಕ್ಕೆ ಅದು ಅತ್ಯಂತ ಕಡಿಮೆ ಅನುಕೂಲದ್ದಾಗಿರುತ್ತದೆ.
- ಮೂಲ ವಿಧಾನದಲ್ಲಿ ಕೋರಿಕೆ ಸಲ್ಲಿಸುವವರು ತಮ್ಮ ಆಯ್ಕೆಗಳನ್ನು ನಿಜವಾದ ಇಷ್ಟದ ಕ್ರಮದಲ್ಲಿ ಬರೆಯುವುದೇ ಲೇಸು. ಸುಳ್ಳು ಕ್ರಮದಿಂದ ಲಾಭವಿಲ್ಲ. ಆಯ್ಕೆಗಳ ಸಂಖ್ಯೆಗೆ ಮಿತಿ ವಿಧಿಸಿದರೆ ಈ ಗುಣ ಕೆಡುತ್ತದೆ.
- ಒಂದೇ ಊರಿನಲ್ಲಿ ಕೆಲಸ ಬಯಸುವ ವೈದ್ಯ ದಂಪತಿಗಳಿದ್ದಾಗ ಸ್ಥಿರ ಹಂಚಿಕೆಯೇ ಇಲ್ಲದಿರಬಹುದು.
- ಯಾರಿಗೆ ಆದ್ಯತೆ, ಯಾವ ಮೀಸಲಾತಿ, ಯಾವ ಅಂಕ ಎಂಬುದನ್ನು ಕ್ರಮಾವಳಿ ನಿರ್ಧರಿಸುವುದಿಲ್ಲ. ಅದು ಶಾಸನ ಮತ್ತು ಸಮಾಜದ ತೀರ್ಮಾನ. ನಿಯಮಗಳು ಅನ್ಯಾಯದಿಂದ ಕೂಡಿದ್ದರೆ ಲೆಕ್ಕವು ಆ ಅನ್ಯಾಯವನ್ನೇ ತಪ್ಪಿಲ್ಲದೆ ಜಾರಿಗೊಳಿಸುತ್ತದೆ.
- ಈ ವಿಧಾನವು ಇರುವ ಸೀಟುಗಳನ್ನು ವ್ಯರ್ಥವಾಗದಂತೆ ಹಂಚಬಲ್ಲದು. ಸೀಟುಗಳ ಕೊರತೆಯನ್ನು ನೀಗಿಸಲಾರದು.